ಕೇಸರಿ ಕ್ರೀಮಿನ ಪಕ್ಕ ನನ್ನ ಸಹಿ

ಮುಖಕ್ಕೆ ಹಚ್ಚುವ ಯಾವುದೇ ವಸ್ತು ನನ್ನ ಮೇಜಿಗೆ ಬಂದರೆ ಮೊದಲು ಮೂಸುತ್ತಿದ್ದೆ. ಆಮೇಲೆ ಗಾಜಿನ ತಟ್ಟೆಯ ಮೇಲೆ ಸವರಿ ಬಣ್ಣ ನೋಡುವುದು, ಆಮೇಲೆ ಆಮ್ಲೀಯತೆ, ಆಮೇಲೆ ಸೂಕ್ಷ್ಮಜೀವಿಗಳ ಪರೀಕ್ಷೆ. ಅರಬ್ಬರ ನಾಡಿನ ಯಾನ್ಬು ಎಂಬ ಊರಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಈ ಕ್ರಮವನ್ನು ತಪ್ಪಿಸಲಿಲ್ಲ. ತಪ್ಪಿದ್ದು ಕ್ರಮವೆಲ್ಲ ಮುಗಿದ ಮೇಲೆ, ವರದಿಯ ಕೊನೆಯ ಚೌಕದಲ್ಲಿ ಒಂದು ಪದ ಬರೆಯುವಾಗ. ಅದರಿಂದ ಸಫಿಯಾ ಎಂಬ ಹೆಣ್ಣುಮಗಳ ಮೂತ್ರಪಿಂಡಗಳಿಗೆ ಕುತ್ತು ಬಂತು. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಹೇಳಲೇಬೇಕಾದದ್ದು ಅದೊಂದೇ. ಉಳಿದದ್ದನ್ನು ಬರೆಯುತ್ತಿರುವುದು ಆ ತಪ್ಪು ಹೇಗಾಯಿತು ಎಂದು ಅವರಿಗೆ ತಿಳಿಯಲಿ ಎಂದು.

ನನ್ನ ಕರಾರು ಮುಗಿದಿದೆ. ದೇಶ ಬಿಡುವ ಕಾಗದ ಬರುವವರೆಗೆ ಇದೇ ಬಾಡಿಗೆ ಮನೆಯಲ್ಲಿದ್ದೇನೆ. ಎರಡು ಸೂಟ್‌ಕೇಸು ಕಟ್ಟಿಟ್ಟಾಗಿದೆ. ಬಡ್ತಿ ಎರಡು ಸಲ ಸಿಕ್ಕಿತು, ಎರಡು ಸಲವೂ ಮೇಜು ಅದೇ ಇತ್ತು, ಆ ಮಾತು ಇಲ್ಲಿ ಬೇಡ.

ನಾನು ಮೈಸೂರಿನ ಹಾಸ್ಟೆಲಿನಲ್ಲಿ ಬೆಳೆದವಳು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ದೀಪ ಆರಿಸುವುದು. ಮದುವೆಯಾಗಲಿಲ್ಲ. ಯಾನ್ಬುವಿಗೆ ಬಂದಾಗ ಗಂಟೆ ಹೊಡೆಯುವವರು ಇರಲಿಲ್ಲವಾದ್ದರಿಂದ ನಾನೇ ಅಲಾರಾಂ ಇಟ್ಟುಕೊಂಡೆ. ಆರೂ ನಲವತ್ತಕ್ಕೆ ಪ್ರಯೋಗಾಲಯದ ವ್ಯಾನು. ಅದನ್ನು ಓಡಿಸುತ್ತಿದ್ದವನು ಉಪ್ಪಿನಂಗಡಿಯ ಇಕ್ಬಾಲ್. ನಾನು ಬಂದ ಕಾಲದಲ್ಲಿ ಈ ದೇಶದಲ್ಲಿ ಹೆಂಗಸರು ಕಾರು ಓಡಿಸುವಂತಿರಲಿಲ್ಲ. ಆಮೇಲೆ ಓಡಿಸಬಹುದು ಎಂದಾಯಿತು. ಜೊತೆಯ ಹೆಂಗಸರೆಲ್ಲ ಕಲಿತರು, ನಾನು ಕಲಿಯಲಿಲ್ಲ. ಕಲಿತಿದ್ದರೆ ವ್ಯಾನಿನಲ್ಲಿ ಆಡುತ್ತಿದ್ದ ಹದಿನೈದು ನಿಮಿಷದ ಕನ್ನಡ ತಪ್ಪಿಹೋಗುತ್ತಿತ್ತು.

“ಮೇಡಂ, ನೀವು ಗೇಟಿಗೆ ಬರುದು ನೋಡಿ ನಾನು ಗಡಿಯಾರ ಸರಿ ಮಾಡುದು ಗೊತ್ತುಂಟಾ?” ಎನ್ನುತ್ತಿದ್ದ.

“ನಿನ್ನ ಗಡಿಯಾರ ಎರಡು ನಿಮಿಷ ಹಿಂದಿದೆ, ಇಕ್ಬಾಲ್.”

“ಅದು ಹಿಂದೆ ಇರುದಲ್ಲ ಮೇಡಂ, ನೀವು ಮುಂದೆ ಇರುದು.”

ಪ್ರಯೋಗಾಲಯದ ಮುಖ್ಯಸ್ಥರು ಸುಡಾನಿನ ಡಾಕ್ಟರ್ ಹಾಶಿಂ. ಎತ್ತರದ, ಮೆಲ್ಲಗೆ ಮಾತಾಡುವ ಮನುಷ್ಯ. ಒಂದು ದಶಮಾಂಶ ಬಿಂದು ಮಸುಕಾಗಿದ್ದರೆ ಇಡೀ ವರದಿಯನ್ನು ವಾಪಸು ಕಳಿಸುತ್ತಿದ್ದರು. “ನೋಡಿದ್ದನ್ನು ಬರೆ, ಅಂದುಕೊಂಡದ್ದನ್ನು ಬರೆಯಬೇಡ” ಎಂಬುದು ಅವರ ನಿಯಮ. ನಾನು ಮೊದಲ ದಿನ ಕನ್ನಡದಲ್ಲಿ ಸಹಿ ಹಾಕಿದಾಗ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

“ಉಸ್ತಾದಾ, ಇದೇನು, ಮುಶಬ್ಬಕ್ಕೇ?” ಎಂದರು. ಮುಶಬ್ಬಕ್ ಎಂದರೆ ಇಲ್ಲಿನ ಜಿಲೇಬಿ. ಉಸ್ತಾದಾ ಎಂದರೆ ಮೇಡಂ ಎಂದ ಹಾಗೆ.

“ನನ್ನ ಹೆಸರು. ವಸುಂಧರಾ.”

“ಒಳ್ಳೆಯದು. ಈ ಊರಿನಲ್ಲಿ ಯಾರೂ ಇದನ್ನು ನಕಲು ಮಾಡಲಾರರು. ಓದಲೂ ಆರರು.”

ವರದಿಯ ಕೊನೆಯ ಚೌಕವನ್ನು ಅರಬ್ಬಿಯಲ್ಲಿ ಕೈಯಾರೆ ತುಂಬಬೇಕಿತ್ತು. ಅರಬ್ಬಿಯಲ್ಲಿ ನಾನು ತಪ್ಪಿಲ್ಲದೆ ಬರೆಯಬಲ್ಲ ಪದಗಳು ಹತ್ತೋ ಹನ್ನೆರಡೋ. ಅವುಗಳಲ್ಲಿ ನನಗೆ ಹೆಚ್ಚು ಪ್ರಿಯವಾಗಿದ್ದದ್ದು ‘ತಬೀಈ’. ಬಣ್ಣ ತಬೀಈ, ವಾಸನೆ ತಬೀಈ. ಇರಬೇಕಾದ ಹಾಗೆ ಇದೆ ಎಂದರ್ಥ. ಪ್ರಕೃತಿಯಿಂದ ಬಂದದ್ದು ಎಂಬ ಅರ್ಥವೂ ಅದಕ್ಕುಂಟು. ನಮ್ಮಲ್ಲಿ ‘ಸಹಜ’ ಎನ್ನುತ್ತೇವಲ್ಲ, ಹಾಗೆ. ಬೇರೆ ಅರಬ್ಬಿ ಪದಗಳನ್ನೆಲ್ಲ ಕಷ್ಟಪಟ್ಟು ನೆನಪಿಟ್ಟುಕೊಂಡೆ. ಇದೊಂದು ಮಾತ್ರ ನಮ್ಮ ಕಡೆಯದೇ ಎನ್ನುವ ಹಾಗೆ ಕೈಗೆ ಬಂತು.

ಮೊದಲ ವರ್ಷಗಳಲ್ಲಿ ಲೋಹದ ಪರೀಕ್ಷೆಗೆ ಎರಡು ದಿನ ಹಿಡಿಯುತ್ತಿತ್ತು. ಕ್ರೀಮನ್ನು ಆಮ್ಲದಲ್ಲಿ ಕರಗಿಸಿ, ಕಾಯಿಸಿ, ಸೋಸಿ, ಯಂತ್ರಕ್ಕೆ ಕೊಡಬೇಕು. ಆಗೊಮ್ಮೆ ಒಬ್ಬ ಅಜ್ಜಿ ಬುರ್ಖಾದ ಜೇಬಿನಿಂದ ಹಿತ್ತಾಳೆಯ ಕಾಡಿಗೆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಹುಟ್ಟಿ ಹನ್ನೊಂದು ದಿನದ ಮೊಮ್ಮಗುವಿನ ಕಣ್ಣಿಗೆ ಹಚ್ಚಲು ತಂದದ್ದು. ಸೊಸೆ ಬೇಡವೆಂದು ಜಗಳ ತೆಗೆದಿದ್ದಳು. ಮೂರನೆಯ ದಿನ ನಾನು, ಇದು ಮುಕ್ಕಾಲು ಪಾಲು ಸೀಸ, ಮಗುವಿಗೆ ಹಚ್ಚಬಾರದು ಎಂದೆ. ಅಜ್ಜಿ ಮುಖಪರದೆಯ ಸಂದಿನಿಂದ ನನ್ನನ್ನು ನೋಡಿದಳು. “ನನಗೆ ಇದನ್ನೇ ಹಚ್ಚಿದ್ದು. ಈ ಕಣ್ಣು ನೋಡು, ಗಿಡುಗನ ಕಣ್ಣು. ಕನ್ನಡಕ ಹಾಕಿಕೊಂಡಿರುವುದು ನೀನು” ಎಂದಳು. ಆದರೂ ಡಬ್ಬಿಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದಳು. ಆಮೇಲೆ ಕೈಯಲ್ಲಿ ಹಿಡಿಯುವ ಉಪಕರಣ ಬಂತು. ಇಸ್ತ್ರಿಪೆಟ್ಟಿಗೆಯ ಹಿಡಿ, ಪಿಸ್ತೂಲಿನ ಮೂತಿ. ಡಬ್ಬಿಗೆ ಗುರಿಯಿಟ್ಟು ಗುಂಡಿ ಒತ್ತಿದರೆ ಒಂದು ನಿಮಿಷದಲ್ಲಿ ಸೀಸ ಎಷ್ಟು, ಪಾದರಸ ಎಷ್ಟು ಎಂದು ತೋರಿಸುತ್ತದೆ. ಎರಡು ದಿನದ ಕೆಲಸ ಒಂದು ನಿಮಿಷಕ್ಕೆ ಇಳಿಯಿತು. ಗಿರಾಕಿ ಬರೆದುಕೊಟ್ಟ ಪರೀಕ್ಷೆಗಳನ್ನು ಮಾತ್ರ ಮಾಡಬೇಕು ಎಂಬ ಕಚೇರಿಯ ನಿಯಮ ಇಳಿಯಲಿಲ್ಲ.

ನೈಸರ್ಗಿಕ ಎಂಬ ಚೀಟಿ ಹಚ್ಚಿದ ಡಬ್ಬಿಗಳು ರಾಶಿರಾಶಿಯಾಗಿ ಬರತೊಡಗಿದ್ದು ಈಚಿನ ವರ್ಷಗಳಲ್ಲಿ. ಈ ಊರಿನವಳೇ ಆದ ಉಮ್ ತುರ್ಕಿ ಎಂಬ ಹೆಂಗಸು ಮನೆಯಲ್ಲೇ ಜೇನು, ಗುಲಾಬಿ ನೀರು, ಕರಿಜೀರಿಗೆ ಎಣ್ಣೆ ಸೇರಿಸಿ ಕ್ರೀಮು ಮಾಡುತ್ತಿದ್ದಳು. ವಾಸನೆ ಎಷ್ಟು ಚೆನ್ನಾಗಿತ್ತೆಂದರೆ ನಾನು ಎರಡು ಸಲ ಮೂಸಿದೆ; ಅದು ನಿಯಮದಲ್ಲಿಲ್ಲ. ಸೂಕ್ಷ್ಮಜೀವಿ ಪರೀಕ್ಷೆಗೆಂದು ಮೂರು ದಿನ ಬೆಚ್ಚಗಿಟ್ಟ ಮೇಲೆ ಅದರ ತಟ್ಟೆ ತುಂಬ ಹಸಿರು ಲೋಳೆ, ಮೇಲೊಂದು ಬೂಷ್ಟಿನ ಉಂಡೆ. ತಟ್ಟೆಯನ್ನೇ ಅವಳ ಮುಂದೆ ಹಿಡಿದೆ.

“ಇದರಲ್ಲಿ ರಾಸಾಯನಿಕ ಒಂದು ಹನಿಯೂ ಇಲ್ಲ!” ಎಂದಳು.

“ಅದಕ್ಕೇ ಹೀಗಾಗಿದೆ. ನೀರಿರುವ ಕ್ರೀಮಿಗೆ ಕೆಡದಂತೆ ಕಾಯುವ ವಸ್ತು ಬೇಕು. ಈ ಕ್ರೀಮು ನಿಮಗೆ ಹಿಡಿಸುವ ಹಾಗೆ ಕಣ್ಣಿಗೆ ಕಾಣದ ಹುಳಗಳಿಗೂ ಹಿಡಿಸುತ್ತದೆ.”

“ಅಂದರೆ ಹುಳಕ್ಕೆ ನನ್ನ ಕ್ರೀಮಿನ ಬೆಲೆ ಗೊತ್ತಾಯಿತು, ನಿನಗೆ ಗೊತ್ತಾಗಲಿಲ್ಲ” ಎಂದು ನಕ್ಕಳು. ಮುಂದಿನ ತಿಂಗಳು ಸರಿಪಡಿಸಿ ತಂದಳು, ಪಾಸಾಯಿತು. ಅವಳ ಕ್ರೀಮು ನನಗೆ ಒಂದು ಪಾಠ ಹೇಳಿತ್ತು. ಕಾಯುವ ವಸ್ತುವಿಲ್ಲದ ಕ್ರೀಮಿನಲ್ಲಿ ಏನಾದರೂ ಬೆಳೆಯಲೇಬೇಕು. ಏನೂ ಬೆಳೆಯದಿದ್ದರೆ ಅದರೊಳಗೆ ಹೇಳದೆ ಉಳಿಸಿದ್ದೇನೋ ಇದೆ. ಈ ಪಾಠವನ್ನು ಹೊಸಬರಿಗೆಲ್ಲ ಹೇಳುತ್ತಿದ್ದವಳು ನಾನೇ.

ಸಫಿಯಾ ಇಕ್ಬಾಲನ ಹೆಂಡತಿ. “ಶುಕ್ರವಾರ ನೀವು ಒಬ್ಬರೇ ಎಂತ ಮಾಡುದು? ಬನ್ನಿ, ಅವಳು ಕರೀಲಿಕ್ಕೆ ಹೇಳಿದ್ದಾಳೆ” ಎಂದು ಇಕ್ಬಾಲ್ ಒಂದು ದಿನ ವ್ಯಾನಿನಲ್ಲಿ ಹೇಳಿದ. ಹೋದೆ. ಮತ್ತೆ ನಾಲ್ಕು ವರ್ಷ ಶುಕ್ರವಾರ ಒಂದೂವರೆಗೆ ಅವರ ಬಾಗಿಲು ತಟ್ಟುವುದು ನನ್ನ ವಾರದ ಕ್ರಮವಾಯಿತು. ನನಗೆಂದು ಬೇರೆ ಪಾತ್ರೆಯಲ್ಲಿ ಸೌತೆಕಾಯಿ ಹುಳಿ ಮಾಡುತ್ತಿದ್ದಳು. ಮನೆಯಲ್ಲಿ ಅವರು ಬ್ಯಾರಿ ಭಾಷೆ ಆಡುತ್ತಿದ್ದರು. ನಾನು ಒಳಗೆ ಕಾಲಿಟ್ಟೊಡನೆ ಕನ್ನಡಕ್ಕೆ ತಿರುಗುತ್ತಿದ್ದರು. ಸಫಿಯಾ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳು. ನನ್ನಲ್ಲಿದ್ದ ಹಳೆಯ ವಾರಪತ್ರಿಕೆಗಳನ್ನು ಒಯ್ದು ಜಾಹೀರಾತನ್ನೂ ಬಿಡದೆ ಓದುತ್ತಿದ್ದಳು. ಊಟದ ಹೊತ್ತಿಗೆ ನಾನು ಮುಖ ಬೆಳ್ಳಗೆ ಮಾಡುವ ಕ್ರೀಮುಗಳನ್ನು ಬೈಯುವುದು, ಅವಳು ತಲೆಯಾಡಿಸುವುದು. “ಅಕ್ಕ, ನಿಮ್ಮ ಎದುರು ಮುಖಕ್ಕೆ ನೀರು ಹಾಕ್ಲಿಕ್ಕೂ ಹೆದರಿಕೆ ಆಗ್ತದೆ” ಎನ್ನುತ್ತಿದ್ದಳು.

ರಮ್ಜಾನಿಗೆ ಮುಂಚಿನ ಎರಡು ವಾರ ಪ್ರಯೋಗಾಲಯಕ್ಕೆ ಉಸಿರಾಡಲು ಬಿಡುವಿರುವುದಿಲ್ಲ. ಹಬ್ಬಕ್ಕೆ ಅಂಗಡಿ ತುಂಬಬೇಕಾದ ವ್ಯಾಪಾರಿಗಳೆಲ್ಲ ಒಟ್ಟಿಗೆ ಬರುತ್ತಾರೆ. ಅಂಥ ಒಂದು ವಾರ ಒಬ್ಬ ವ್ಯಾಪಾರಿ ಕೇಸರಿ ಮತ್ತು ಅಕ್ಕಿಹಿಟ್ಟಿನ ಕ್ರೀಮು ತಂದ. ಬಣ್ಣ, ವಾಸನೆ, ಸೂಕ್ಷ್ಮಜೀವಿ ಇಷ್ಟೇ ಪರೀಕ್ಷೆ ಸಾಕು ಎಂದು ಬರೆದುಕೊಟ್ಟಿದ್ದ. ಲೋಹದ ಸಾಲಿನಲ್ಲಿ ಗೆರೆ ಎಳೆದಿದ್ದ. ಚೀಟಿಯಲ್ಲಿ ಕಾಯುವ ವಸ್ತುವಿನ ಹೆಸರಿರಲಿಲ್ಲ. ಮೂರು ದಿನದ ಮೇಲೆ ತಟ್ಟೆ ತೆಗೆದರೆ ಒಂದು ಚುಕ್ಕೆಯೂ ಬೆಳೆದಿರಲಿಲ್ಲ. ಕನ್ನಡಿಯ ಹಾಗಿತ್ತು. ಆ ದಿನ ನನ್ನ ಮುಂದೆ ನಲವತ್ತು ತಟ್ಟೆಗಳಿದ್ದವು, ಅರ್ಧದಷ್ಟರಲ್ಲಿ ಬೂಷ್ಟು. ಇದನ್ನು ನೋಡಿ ಕಣ್ಣಿಗೆ ತಂಪಾಯಿತು. ಉಪಕರಣ ಕೈಯಳತೆಯಲ್ಲೇ ಇತ್ತು, ಎತ್ತಿಕೊಳ್ಳಲಿಲ್ಲ.

ಕೊನೆಯ ಚೌಕದಲ್ಲಿ ‘ಮೇಲೆ ಹೇಳಿದ ಪರೀಕ್ಷೆಗಳ ಮಟ್ಟಿಗೆ ತೃಪ್ತಿಕರ’ ಎಂಬ ಉದ್ದದ ವಾಕ್ಯ ಬರೆಯಬೇಕು. ಅದರ ಅರಬ್ಬಿಯನ್ನು ನಾನು ಗೋಡೆಯ ಮೇಲಿನ ಮಾದರಿ ನೋಡಿ ಅಕ್ಷರ ಅಕ್ಷರ ಇಳಿಸುತ್ತಿದ್ದೆ. ಆ ದಿನ ಇಳಿಸಲಿಲ್ಲ. ತಬೀಈ ಎಂದು ಒಂದೇ ಪದ ಬರೆದು ಸಹಿ ಹಾಕಿದೆ. ಡಾಕ್ಟರ್ ಹಾಶಿಂ ಅವರೂ ಅಂದು ಅಂಕಿಗಳನ್ನಷ್ಟೇ ನೋಡಿ ಕಳಿಸಿದರು.

ಹಬ್ಬ ಕಳೆದು ನಾಲ್ಕೈದು ತಿಂಗಳಾಗಿತ್ತು. ಶುಕ್ರವಾರ ಬಾಗಿಲು ತೆಗೆದ ಸಫಿಯಾಳ ಮುಖ ಊದಿತ್ತು. ಬೆಳ್ಳಗೂ ಆಗಿತ್ತು. ನಾನು ಊತವನ್ನು ನೋಡಿದೆ, ಬಿಳುಪನ್ನು ಗಮನಿಸಲಿಲ್ಲ. ಉಪ್ಪು ಕಡಿಮೆ ಮಾಡು ಎಂದೆ. ಮುಂದಿನ ವಾರ ಪಾದಕ್ಕೆ ಚಪ್ಪಲಿ ಹಿಡಿಯುತ್ತಿರಲಿಲ್ಲ. ಬೆರಳೊತ್ತಿದರೆ ಕುಳಿ ಹಾಗೇ ನಿಲ್ಲುತ್ತಿತ್ತು. ಅದರಾಚೆಯ ವಾರ ಇಕ್ಬಾಲ್ ಗಡಿಯಾರವನ್ನೂ ನೋಡದೆ ವ್ಯಾನು ಓಡಿಸಿದ. ಗೇಟಿನ ಮುಂದೆ ನಿಲ್ಲಿಸಿದ ಮೇಲೆ ಹೇಳಿದ:

“ಮೇಡಂ, ಅವಳನ್ನು ಆಸ್ಪತ್ರೆಗೆ ಸೇರಿಸಿದ್ದೇನೆ. ಕಿಡ್ನಿಯಿಂದ ಪ್ರೋಟೀನ್ ಸೋರಿ ಹೋಗ್ತಾ ಉಂಟಂತೆ. ಎಂತಕ್ಕೆ ಅಂತ ಡಾಕ್ಟ್ರಿಗೆ ಗೊತ್ತಾಗುದಿಲ್ಲ. ಮೂವತ್ತೊಂದು ವರ್ಷ ಅವಳಿಗೆ.”

ಆಗ ಆ ಬಿಳುಪು ನೆನಪಾಯಿತು. ಅವಳು ಮುಖಕ್ಕೆ ಏನು ಹಚ್ಚುತ್ತಾಳೋ ಅದೆಲ್ಲ ಮನೆಯಿಂದ ತಂದುಕೊಡು ಎಂದೆ. ಮಧ್ಯಾಹ್ನ ಒಂದು ಚೀಲ ತಂದ. ಸಾಬೂನು, ಪೌಡರು, ತೆಂಗಿನೆಣ್ಣೆ, ಕಪಾಟಿನ ಹಿಂದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳದಿ ಮುಚ್ಚಳದ ಡಬ್ಬಿ. ಮುಚ್ಚಳ ತೆಗೆಯುವ ಮೊದಲೇ ಗುರುತು ಹಿಡಿದೆ. ಉಪಕರಣದ ಮೂತಿ ಇಟ್ಟು ಗುಂಡಿ ಒತ್ತಿದೆ. ಪಾದರಸದ ಅಂಕಿ ಏರಿತು, ನಿಲ್ಲಲಿಲ್ಲ, ಮತ್ತೂ ಏರಿತು. ಉಪಕರಣ ಕೆಟ್ಟಿರಬಹುದೆಂದು ಸಾಬೂನಿಗೆ ಹಿಡಿದೆ: ಏನೂ ಇಲ್ಲ. ಮತ್ತೆ ಡಬ್ಬಿಗೆ ಹಿಡಿದೆ. ಚರ್ಮವನ್ನು ಬೆಳ್ಳಗೆ ಮಾಡುವುದು ಪಾದರಸವೇ, ಒಳಗಿಳಿದು ಮೂತ್ರಪಿಂಡ ಕೆಡಿಸುವುದೂ ಅದೇ. ನನ್ನ ತಟ್ಟೆಯನ್ನು ಕನ್ನಡಿಯ ಹಾಗೆ ಇಟ್ಟದ್ದೂ ಅದೇ. ಅದು ಹುಳವನ್ನೂ ಕೊಲ್ಲುತ್ತದೆ.

ಪಾದರಸವೆಂದು ಡಾಕ್ಟರಿಗೆ ಹೇಳು ಎಂದು ಇಕ್ಬಾಲನನ್ನು ಕೂಡಲೇ ಕಳಿಸಿದೆ. ರಕ್ತದ ಪರೀಕ್ಷೆಯೂ ಅದನ್ನೇ ಹೇಳಿತು. ಸಂಜೆ ಆಸ್ಪತ್ರೆಗೆ ಹೋದೆ. ಸಫಿಯಾ ಹಾಸಿಗೆಯಲ್ಲಿ ಒರಗಿ ಕೂತಿದ್ದಳು. ನನಗೆ ಸಿಟ್ಟು ಬಂದಿತ್ತು. ಬರುವ ದಾರಿಯಲ್ಲೆಲ್ಲ ಆ ಸಿಟ್ಟನ್ನು ಜೋಪಾನ ಮಾಡಿಕೊಂಡು ಬಂದಿದ್ದೆ.

“ನಾಲ್ಕು ವರ್ಷದಿಂದ ಬಾಯಿ ಬಡಿದುಕೊಂಡೆನಲ್ಲ ನಿನಗೆ! ನನ್ನನ್ನು ಕೇಳದೆ ಯಾಕೆ ತಂದೆ?”

“ತಮ್ಮನ ಮದುವೆ ಅಲ್ವಾ ಅಕ್ಕ. ಗಲ್ಫಿಗೆ ಹೋಗಿ ಕಪ್ಪಾಗಿ ಬಂದ್ಲು ಅಂತ ಊರಲ್ಲಿ ಹೇಳ್ತಾರೆ. ನಿಮ್ಮಲ್ಲಿ ಕೇಳಿದ್ರೆ ಬೈತೀರಿ.”

“ಬೈದರೆ ಬೈಸಿಕೊಳ್ಳಬೇಕು.”

“ನೋಡದೆ ತಕ್ಕೊಂಡದ್ದಲ್ಲ ಅಕ್ಕ. ಅಂಗಡಿಯಲ್ಲಿ ಡಬ್ಬಿ ಹತ್ರ ಒಂದು ಕಾಗದ ಇಟ್ಟಿದ್ರು, ಪ್ಲಾಸ್ಟಿಕ್ ಹಾಕಿ. ಅರಬ್ಬಿಯಲ್ಲಿ ತಬೀಈ ಅಂತ ಬರ್ದಿತ್ತು. ಅದನ್ನೆಲ್ಲ ನಾನು ನಂಬುದಿಲ್ಲ. ಕೆಳಗೆ ನೋಡಿದ್ರೆ ಕನ್ನಡದಲ್ಲಿ ನಿಮ್ಮ ಸೈನು! ನನಗೆ ಎಷ್ಟು ಖುಷಿಯಾಯ್ತು ಗೊತ್ತುಂಟಾ? ಅಂಗಡಿಯವನಿಗೂ ಹೇಳಿದೆ, ಇದು ನಮ್ಮ ಅಕ್ಕ ಅಂತ.”

ಹೊತ್ತಾಯಿತು ಎಂದು ಎದ್ದು ಬಂದೆ.

ಮರುದಿನ ಆ ಅಂಗಡಿಗೆ ಹೋದೆ. ಹಳದಿ ಮುಚ್ಚಳದ ಡಬ್ಬಿಗಳ ಗೋಪುರ, ಪಕ್ಕದಲ್ಲಿ ನನ್ನ ವರದಿ. ತಬೀಈ ಎಂಬ ಪದಕ್ಕೆ ಹಸಿರು ಶಾಯಿಯ ಸುತ್ತು. ಪ್ರಯೋಗಾಲಯವೇ ಇದು ನೈಸರ್ಗಿಕ ಎಂದು ಬರೆದುಕೊಟ್ಟ ಹಾಗೆ ಕಾಣುತ್ತಿತ್ತು. ಇರಬೇಕಾದ ಹಾಗೆ ಇದೆ ಎಂದು ನಾನು ಬರೆದಿದ್ದೆ. ಪ್ರಕೃತಿಯಿಂದ ಬಂದದ್ದು ಎಂದು ಅವರು ಓದಿಸಿದ್ದರು. ವರದಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ. ಅಂಗಡಿಯವನು ತಡೆಯಲು ಬಂದ. “ಇದು ನನ್ನದು” ಎಂದೆ.

ಡಾಕ್ಟರ್ ಹಾಶಿಂ ವರದಿಯನ್ನೂ ಡಬ್ಬಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಸಾಲು ಓದಿದರು.

“ಅವನು ಲೋಹದ ಪರೀಕ್ಷೆ ಕೇಳಿರಲಿಲ್ಲ. ಕಾಗದದ ಪ್ರಕಾರ ನಮ್ಮ ತಪ್ಪಿಲ್ಲ, ಉಸ್ತಾದಾ.”

“ಏನೂ ಬೆಳೆದಿರಲಿಲ್ಲ. ನಾನು ಕೇಳಬೇಕಿತ್ತು. ಬರೆದ ಪದವೂ ನನ್ನದು.”

“ಓದಿ ದಾಟಿಸಿದವನು ನಾನು. ನನ್ನದು ಅರಬ್ಬಿ, ನಿನ್ನದಲ್ಲ” ಎಂದರು. ಆಮೇಲೆ ಎದ್ದು ಹೋಗಿ ಸರ್ಕಾರದ ಆರೋಗ್ಯ ಇಲಾಖೆಗೆ ಪತ್ರ ಅವರೇ ಬರೆದರು. ವಾರದೊಳಗೆ ಡಬ್ಬಿಗಳನ್ನು ಅಂಗಡಿಗಳಿಂದ ಎತ್ತಿಸಿದರು. ಅಂದಿನಿಂದ ನಮ್ಮ ವರದಿಯಲ್ಲಿ ಇನ್ನೊಂದು ಚೌಕ ಸೇರಿತು: ಏನನ್ನು ಪರೀಕ್ಷಿಸಿಲ್ಲ ಎಂಬುದರ ಪಟ್ಟಿ. ಹೊಸಬರು ಅದನ್ನು ಬೇಸರದಿಂದ ತುಂಬುತ್ತಾರೆ. ಬೇಸರದಿಂದಲಾದರೂ ತುಂಬಿ.

ಸಫಿಯಾಳಿಗೆ ಹೇಳುವುದು ಬಾಕಿ ಇತ್ತು. ಅದಕ್ಕೆ ನಾಲ್ಕು ದಿನ ತೆಗೆದುಕೊಂಡೆ. ನಾನು ಯಾವ ಕೆಲಸವನ್ನೂ ನಾಲ್ಕು ದಿನ ಮುಂದೆ ಹಾಕಿದವಳಲ್ಲ. ಆ ಹೊತ್ತಿಗೆ ಅವಳ ಕಣ್ಣೇ ಮುಚ್ಚುವಷ್ಟು ಊತ. ಕಿಡ್ನಿ ತಾನಾಗಿ ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು, ಕಾದು ನೋಡಬೇಕು ಎಂದಿದ್ದರು ಡಾಕ್ಟರು. ಹಾಸಿಗೆಯ ಪಕ್ಕ ನಿಂತು, ಪಾಠ ಒಪ್ಪಿಸುವ ಹಾಗೆ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಖಾಲಿ ತಟ್ಟೆ, ಎತ್ತಿಕೊಳ್ಳದ ಉಪಕರಣ, ಒಂದು ಪದ.

ಅವಳು ಕೊನೆಯವರೆಗೆ ಕೇಳಿದಳು. “ನೋಡದೆ ನೀವು ಸೈನು ಯಾಕೆ ಹಾಕಿದ್ದು, ಅಕ್ಕ?” ಎಂದಳು. ಗದರುವ ದನಿಯಲ್ಲ. ನಿಜವಾಗಿ ಗೊತ್ತಾಗದೆ ಕೇಳಿದ್ದು.

“ಕೆಲಸ ತುಂಬ ಇತ್ತು” ಎಂದೆ.

“ಹಾಂ” ಎಂದಳು. ಆಮೇಲೆ, “ನೀವು ಕೂತ್ಕೊಳ್ಳಿ, ನಿಂತೇ ಇದ್ದೀರಿ” ಎಂದಳು. ನಾನು ಕೂರಲಿಲ್ಲ.

ಕ್ರೀಮು ನಿಲ್ಲಿಸಿದ್ದಕ್ಕೂ ಔಷಧಿಗೂ ಅವಳ ದೇಹ ಒಪ್ಪಿತು. ಮೂರು ವಾರಕ್ಕೆ ಮನೆಗೆ ಬಂದಳು. ಪ್ರೋಟೀನ್ ಸೋರುವುದು ತಿಂಗಳು ತಿಂಗಳು ಕಡಿಮೆಯಾಗುತ್ತ ಬಂತು. ಪ್ರತಿ ಪರೀಕ್ಷೆಯ ಅಂಕಿಯನ್ನೂ ನಾನು ಇಕ್ಬಾಲನಿಂದ ಕೇಳಿ ಡೈರಿಯಲ್ಲಿ ಬರೆದುಕೊಂಡೆ. ತಮ್ಮನ ಮದುವೆಗೆ ಹೋಗಲಾಗಲಿಲ್ಲ, ಫೋನಿನಲ್ಲೇ ನೋಡಿದಳಂತೆ. ಒಂಬತ್ತನೆಯ ತಿಂಗಳು ಎಲ್ಲ ಸರಿಯಿದೆ ಎಂದು ಡಾಕ್ಟರು ಹೇಳಿದರು.

ಈ ಒಂಬತ್ತು ತಿಂಗಳಲ್ಲಿ ನಾನು ಅವರ ಮನೆಗೆ ಹೋಗಲಿಲ್ಲ. ಅವಳಿಗೆ ವಿಶ್ರಾಂತಿ ಬೇಕು ಎಂದುಕೊಂಡೆ. ಆಮೇಲೆ, ಅವರೇ ಕರೆಯಲಿ ಎಂದುಕೊಂಡೆ. ಕರೆದರೆ ಅದು ಮರ್ಯಾದೆಗಷ್ಟೇ ಇರಬಹುದು ಎಂದೂ ಅಂದುಕೊಂಡೆ. ಶುಕ್ರವಾರ ಒಂದೂವರೆಗೆ ಬಟ್ಟೆ ಇಸ್ತ್ರಿ ಮಾಡುವ ಕ್ರಮ ಇಟ್ಟುಕೊಂಡೆ. ವ್ಯಾನಿನಲ್ಲಿ ನಾನು ಅಂಕಿ ಕೇಳುತ್ತಿದ್ದೆ, ಇಕ್ಬಾಲ್ ಅಂಕಿ ಹೇಳುತ್ತಿದ್ದ.

ಅವನಿಗೆ ದೂರದ ತಬೂಕ್ ಎಂಬ ಊರಿನಲ್ಲಿ ಬೇರೆ ಕೆಲಸ ಸಿಕ್ಕಿತು. ಕೊನೆಯ ದಿನ ಪ್ರಯೋಗಾಲಯದ ಗೇಟಿನ ಮುಂದೆ ವ್ಯಾನು ನಿಲ್ಲಿಸಿ ಎಂಜಿನ್ ಆರಿಸಿದ. ಹಾಗೆ ಅವನು ಯಾವತ್ತೂ ಆರಿಸಿದವನಲ್ಲ.

“ಒಂದು ಮಾತು ಕೇಳ್ಬೇಕಿತ್ತು ಮೇಡಂ. ನಿಮಗೆ ಅವಳ ಮೇಲೆ ಎಂತದಾದ್ರೂ ಬೇಜಾರುಂಟಾ? ನಿಮ್ಮ ಸೈನು ಅಂತ ಅಂಗಡಿಯಲ್ಲಿ ಹೇಳಿದ್ದಕ್ಕೆ?”

“ನನಗೆ ಬೇಜಾರೇ? ಇಲ್ಲವಲ್ಲ. ಅವಳಿಗೆ ನನ್ನ ಮೇಲೆ…”

“ಅವಳಿಗೆಂತ ಬೇಜಾರು! ಆಸ್ಪತ್ರೆಯಿಂದ ಬಂದ ವಾರವೇ ನಿಮಗೆ ಅಂತ ಹುಳಿ ಮಾಡಿದ್ದಾಳೆ. ನಾನು ಕರೀತೇನೆ ಅಂದೆ. ಬೇಡ, ಅಕ್ಕನಿಗೆ ನಮ್ಮಿಂದ ಆಫೀಸಲ್ಲಿ ತೊಂದ್ರೆ ಆಗಿದೆ, ಮನಸ್ಸು ಸರಿಯಾದ್ರೆ ಅವರೇ ಬರ್ತಾರೆ ಅಂದ್ಲು. ಏಳು ಶುಕ್ರವಾರ ಮಾಡಿದ್ಲು ಮೇಡಂ. ಎಂಟನೇದಕ್ಕೆ ಮಾಡ್ಲಿಲ್ಲ.”

ಆರೂ ಐವತ್ತೈದಾಗಿತ್ತು. ನಾನು ಇಳಿದು ಒಳಗೆ ಹೋದೆ. ಬಾಗಿಲ ಪಕ್ಕದ ಹಾಜರಿ ಪುಸ್ತಕದಲ್ಲಿ ಹೊತ್ತು ಬರೆದೆ. ಸಹಿಯ ಜಾಗಕ್ಕೆ ಬಂದಾಗ ಪೆನ್ನು ಹಿಡಿದುಕೊಂಡು ನಿಂತೆ. ಹಿಂದೆ ಸಾಲಿನಲ್ಲಿದ್ದವರು, “ಯಲ್ಲಾ ಉಸ್ತಾದಾ, ಬೇಗ” ಎಂದರು.